ಗೋಷ್ವಾರೆಯ ಹಿಂದಿನ ಮೂಟೆ

ಹತ್ತು ಸಾವಿರ ಪುಟದ ದಾಖಲೆಯನ್ನು ಎಐ ನಿಮಿಷದಲ್ಲಿ ಎರಡು ಪುಟಕ್ಕೆ ಇಳಿಸುತ್ತದೆ, ಅದನ್ನೇ ಕೋರ್ಟಿಗೆ ಕೊಟ್ಟರಾಯಿತಲ್ಲ ಎಂದು ಟೆಕ್ಸಾಸಿನ ಪ್ಲೇನೋದ ನಮ್ಮ ಕನ್ನಡ ಬಳಗದಲ್ಲಿ ಕಾನೂನು ಓದುತ್ತಿರುವ ಹುಡುಗರು ಕೇಳುತ್ತಾರೆ. ಇಪ್ಪತ್ತೈದು ವರ್ಷಗಳಿಂದ ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್ ಕೋರ್ಟುಗಳಿಗೆ ಲೆಕ್ಕದ ಗೋಷ್ವಾರೆ ಸಿದ್ಧಪಡಿಸುವುದೇ ನನ್ನ ಕಸುಬು. ಈ ಪ್ರಶ್ನೆ ಕೇಳಿದಾಗಲೆಲ್ಲ ಕಳವಳವಾಗುತ್ತದೆ. ಹಿಂದಿರುವ ಮೂಟೆಯನ್ನು ಎದುರು ಪಕ್ಷ ಬಿಚ್ಚಿ ನೋಡುವಂತಿದ್ದರೆ ಮಾತ್ರ ಗೋಷ್ವಾರೆ ಸಾಕ್ಷ್ಯವಾಗುತ್ತದೆ. ಈ ಶಾಸ್ತ್ರ ಬೆಳೆದುಬಂದ ದಾರಿಯೇ ಅದನ್ನು ಹೇಳುತ್ತದೆ.

ಮೂಲ ಕಾಗದವನ್ನೇ ತೋರಿಸು ಎಂಬುದು ಇಂಗ್ಲಿಷ್ ಕಾನೂನಿನ ಹಳೆಯ ಪಟ್ಟು. ಖಿರ್ದಿ, ಖಾತೆ ಪುಸ್ತಕಗಳು ರಾಶಿಯಾದಾಗ ನ್ಯಾಯಾಧೀಶರೇ ಅದನ್ನು ಸಡಿಲಿಸುತ್ತ ಬಂದರು. ಆ ಸಡಿಲಿಕೆಯನ್ನು ಭಾರತ ಬಹಳ ಮೊದಲೇ ಶಾಸನದಲ್ಲಿ ಬರೆದಿಟ್ಟಿತು. ಜೇಮ್ಸ್ ಫಿಟ್ಜ್‌ಜೇಮ್ಸ್ ಸ್ಟೀಫನ್ ರೂಪಿಸಿದ 1872ರ ಸಾಕ್ಷ್ಯ ಅಧಿನಿಯಮದ 65(ಜಿ) ಪ್ರಕಾರ, ಕೋರ್ಟಿನಲ್ಲಿ ಕುಳಿತು ನೋಡಲಾಗದಷ್ಟು ಲೆಕ್ಕಪತ್ರಗಳಿದ್ದರೆ ಅವನ್ನು ಪರಿಶೀಲಿಸಿದವನು ಒಟ್ಟು ಫಲಿತಾಂಶದ ಬಗ್ಗೆ ಸಾಕ್ಷಿ ಹೇಳಬಹುದಿತ್ತು. ಆದರೆ ಅವನು ಅಂಥ ಪರಿಶೀಲನೆಯಲ್ಲಿ ನುರಿತಿರಬೇಕಿತ್ತು. ಗೋಷ್ವಾರೆಗೆ ಅವಕಾಶ ಕೊಡುವ ಅಮೆರಿಕದ ಫೆಡರಲ್ ಸಾಕ್ಷ್ಯ ನಿಯಮ 1006 ಜಾರಿಯಾದದ್ದು 1975ರಲ್ಲಿ. ಟೆಕ್ಸಾಸ್ ತನ್ನ ಸಿವಿಲ್ ಸಾಕ್ಷ್ಯ ನಿಯಮಗಳನ್ನು 1983ರಲ್ಲಿ, ಕ್ರಿಮಿನಲ್ ನಿಯಮಗಳನ್ನು 1986ರಲ್ಲಿ ಬರೆದು 1998ರಲ್ಲಿ ಒಂದುಗೂಡಿಸಿತು. ಮೂಲ ಅಥವಾ ನಕಲನ್ನು ಎದುರು ಪಕ್ಷದ ಪರಿಶೀಲನೆಗೆ ಒದಗಿಸಲೇಬೇಕು ಎನ್ನುತ್ತದೆ 1006. ‘ನುರಿತವನು’ ಎಂಬ ಮಾತು ಮಾತ್ರ ಅದರಲ್ಲಿಲ್ಲ. ನನ್ನ ದೃಷ್ಟಿಯಲ್ಲಿ ಇದು ಸಣ್ಣ ಕೊರತೆಯಲ್ಲ.

ನಮ್ಮ ಪೀಳಿಗೆಯನ್ನು ರೂಪಿಸಿದ್ದು ಹ್ಯೂಸ್ಟನ್. 2001ರ ಡಿಸೆಂಬರ್ 2ರಂದು ಅಲ್ಲಿನ ಇಂಧನ ಕಂಪನಿ ಎನ್‌ರಾನ್ ದಿವಾಳಿ ಅರ್ಜಿ ಹಾಕಿತು. 2006ರ ಮೇ 25ರಂದು ಜ್ಯೂರಿ ಅದರ ಮುಖ್ಯಸ್ಥರಾಗಿದ್ದ ಕೆನೆತ್ ಲೇ, ಜೆಫ್ರಿ ಸ್ಕಿಲ್ಲಿಂಗ್ ಇಬ್ಬರನ್ನೂ ತಪ್ಪಿತಸ್ಥರೆಂದಿತು. ಮೂರು ವರ್ಷದ ನಂತರ ಅಲೆನ್ ಸ್ಟ್ಯಾನ್‌ಫರ್ಡ್ ಹಗರಣ ಬಯಲಾಯಿತು. ಆಂಟಿಗಾದ ಬ್ಯಾಂಕಿನ ಠೇವಣಿ ಪತ್ರಗಳನ್ನು ಮಾರಿ ಸುಮಾರು 700 ಕೋಟಿ ಡಾಲರ್ ಎತ್ತಿದ ಆ ವಂಚನೆಯ ಆಸ್ತಿ ವಶಕ್ಕೆ 2009ರ ಫೆಬ್ರುವರಿಯಲ್ಲಿ ಡಲ್ಲಾಸ್ ಫೆಡರಲ್ ಕೋರ್ಟ್ ರಿಸೀವರನ್ನು ನೇಮಿಸಿತು. 2012ರಲ್ಲಿ ಹ್ಯೂಸ್ಟನ್‌ನಲ್ಲಿ ಸ್ಟ್ಯಾನ್‌ಫರ್ಡ್‌ಗೆ 110 ವರ್ಷ ಶಿಕ್ಷೆಯಾಯಿತು. ಈ ಪ್ರಕರಣಗಳ ನೆರಳಿನಲ್ಲಿ ಕಲಿತವರು ನಾವು. ಗೋಷ್ವಾರೆಯ ಪ್ರತಿ ಸಾಲಿನ ಪಕ್ಕದಲ್ಲೂ ಮೂಲ ಕಾಗದದ ಬೇಟ್ಸ್ ನಂಬರ್ (ದಾಖಲೆಯ ಪ್ರತಿ ಪುಟಕ್ಕೂ ಒತ್ತುವ ಕ್ರಮಸಂಖ್ಯೆ) ಬರೆಯಬೇಕು, ನಂಬರಿಲ್ಲದ ಸಾಲನ್ನು ತೆಗೆದುಹಾಕಬೇಕು ಎಂಬುದು ನಮ್ಮ ಗುರುಗಳು ಹಾಕಿಕೊಟ್ಟ ಶಿಸ್ತು. ಇದಕ್ಕಿಂತ ಒಳ್ಳೆಯ ಪದ್ಧತಿಯನ್ನು ನಾನಿನ್ನೂ ಕಂಡಿಲ್ಲ.

ಗೊಂದಲಗಳೂ ಇದ್ದವು. ಹಿಂದಿನ ಸಾಕ್ಷಿಗಳು ಹೇಳಿದ್ದನ್ನೇ ಮತ್ತೆ ಹೇಳಿಸಲು ‘ಸಾರಾಂಶ ಸಾಕ್ಷಿ’ಯನ್ನು ಕರೆಯಬಾರದೆಂದು ನ್ಯೂ ಆರ್ಲಿಯನ್ಸ್‌ನ ಐದನೇ ಸರ್ಕ್ಯೂಟ್ ಕೋರ್ಟ್ 2003ರ ಫುಲ್‌ವುಡ್ ಪ್ರಕರಣದಲ್ಲಿ ಎಚ್ಚರಿಸಿತು. ಸಾಕ್ಷ್ಯವಾಗುವ ಗೋಷ್ವಾರೆಗೂ ಜ್ಯೂರಿಗೆ ವಿಷಯ ಮನವರಿಕೆ ಮಾಡಲು ತೂಗುಹಾಕುವ ಚಾರ್ಟಿಗೂ ವ್ಯತ್ಯಾಸವೇ ಅಳಿಸಿಹೋಗಿತ್ತು. ಫೆಡರಲ್ ನಿಯಮಗಳಿಗೆ 2024ರ ಡಿಸೆಂಬರ್ 1ರಂದು ಬಂದ ತಿದ್ದುಪಡಿ ಗೆರೆ ಎಳೆಯಿತು. ಮೂಲ ದಾಖಲೆ ಹಾಜರಾಗಿರಲಿ ಬಿಡಲಿ, 1006ರ ಗೋಷ್ವಾರೆ ತಾನೇ ಸಾಕ್ಷ್ಯ. ಚಾರ್ಟು ಹೊಸ ನಿಯಮ 107ರಡಿ ಬರುತ್ತದೆ, ಅದು ಸಾಕ್ಷ್ಯವಲ್ಲ.

ಹಗರಣಗಳು ಸುದ್ದಿಯಾಗುತ್ತವೆ, ಕುಟುಂಬ ಕೋರ್ಟಿನ ಗೋಷ್ವಾರೆಯ ಬಗ್ಗೆ ಬರೆಯುವವರು ಕಡಿಮೆ. ಟೆಕ್ಸಾಸಿನಲ್ಲಿ ವಿಚ್ಛೇದನದ ಹೊತ್ತಿಗೆ ಗಂಡಹೆಂಡಿರ ಕೈಯಲ್ಲಿರುವುದೆಲ್ಲ ಜಂಟಿ ಆಸ್ತಿಯೆಂದೇ ಕಾನೂನು ಊಹಿಸುತ್ತದೆ. ಪಿತ್ರಾರ್ಜಿತ ಎನ್ನುವವರು ಅದನ್ನು ಸ್ಪಷ್ಟ, ನಂಬಲರ್ಹ ಪುರಾವೆಯಿಂದ ತೋರಿಸಬೇಕು. ಮೆಕಿನ್ನಿಯ ಕಾಲಿನ್ ಕೌಂಟಿ ಕೋರ್ಟಿಗೆ ಹೋಗಬೇಕಿದ್ದ ಒಂದು ಗೋಷ್ವಾರೆ ನನ್ನ ಮೇಜಿಗೆ ಬಂದಿತ್ತು. ಹನ್ನೊಂದು ವರ್ಷದ ಬ್ಯಾಂಕ್ ಸ್ಟೇಟ್‌ಮೆಂಟುಗಳು ನಾಲ್ಕು ಪುಟವಾಗಿದ್ದವು. ನಲವತ್ತು ಸಾವಿರ ಡಾಲರಿನ ಒಂದು ಸಾಲು ‘ಇತರ ಆದಾಯ’ ಎಂಬ ತಲೆಬರಹದಡಿ ಇತ್ತು. ಮೂಲ ಕಾಗದ ಹುಡುಕಿಸಿದೆ. ತೀರ್ಥಹಳ್ಳಿ ಕಡೆಯ ತೋಟದ ಕ್ರಯಪತ್ರ ಸಿಕ್ಕಿತು. ಪ್ರಕರಣದಲ್ಲಿದ್ದ ಹೆಂಡತಿಗೆ ಅಪ್ಪನಿಂದ ಬಂದ ಅಡಿಕೆ ತೋಟ ಮಾರಿದ ಹಣ ಅದು. ಅಂಕಿ ಸರಿಯಿತ್ತು, ತಲೆಬರಹ ತಪ್ಪಿತ್ತು. ಆ ಎರಡು ಪದದಿಂದ ಅವಳ ತವರಿನ ಹಣ ಪಾಲಿಗೆ ಬೀಳುತ್ತಿತ್ತು.

ಅಂಕಿಯೇ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಬೆಂಗಳೂರೇ ಸಾಕ್ಷಿ. ತಮಿಳುನಾಡಿನ ಮುಖ್ಯಮಂತ್ರಿಯಾಗಿದ್ದ ಜಯಲಲಿತಾ ಅವರ ಅಕ್ರಮ ಆಸ್ತಿ ಪ್ರಕರಣದಲ್ಲಿ ವಿಶೇಷ ನ್ಯಾಯಾಧೀಶ ಜಾನ್ ಮೈಕೆಲ್ ಡಿಕುನ್ಹ 2014ರಲ್ಲಿ ಶಿಕ್ಷೆ ವಿಧಿಸಿದರು, 2015ರ ಮೇ 11ರಂದು ಕರ್ನಾಟಕ ಹೈಕೋರ್ಟ್ ಬಿಡುಗಡೆ ಮಾಡಿತು. ಆ ತೀರ್ಪಿನ ಕೋಷ್ಟಕವೊಂದರಲ್ಲಿ ಹತ್ತು ಸಾಲಗಳ ಮೊತ್ತ 24.17 ಕೋಟಿ ಎಂದಿತ್ತು. ಸಾಲು ಸಾಲಾಗಿ ಕೂಡಿದರೆ ಬರುವುದು 10.67 ಕೋಟಿ. ಹದಿಮೂರೂವರೆ ಕೋಟಿಯ ಆ ವ್ಯತ್ಯಾಸದಿಂದ ಹೆಚ್ಚುವರಿ ಆಸ್ತಿ ಆದಾಯದ ಶೇ 8.12ಕ್ಕೆ ಇಳಿದಿತ್ತು. 2017ರ ಫೆಬ್ರುವರಿ 14ರಂದು ಸುಪ್ರೀಂ ಕೋರ್ಟ್ ಹೈಕೋರ್ಟ್ ತೀರ್ಪನ್ನು ರದ್ದುಪಡಿಸಿತು. ಅದು ಸಾಕ್ಷ್ಯವಾಗಿ ಬಂದ ಗೋಷ್ವಾರೆಯಲ್ಲ, ತೀರ್ಪಿನೊಳಗಿನ ಪಟ್ಟಿ. ಆದರೂ ಪಾಠ ಒಂದೇ.

ಇನ್ನು ಉಳಿದಿರುವ ಕೆಲಸ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮ ‘ನುರಿತವನು’ ಎಂಬ ಷರತ್ತನ್ನು ಉಳಿಸಿಕೊಂಡಿದೆ. ಅಮೆರಿಕ ಅದನ್ನು ಕಲಿಯಬೇಕು. ಕನ್ನಡ ಪಹಣಿ, ಕ್ರಯಪತ್ರಗಳನ್ನು ಇಲ್ಲಿ ಹಾಜರುಪಡಿಸಲು ಟೆಕ್ಸಾಸ್ ನಿಯಮ 1009ರಂತೆ ಅವುಗಳ ಅನುವಾದವನ್ನು ಅನುವಾದಕರ ಪ್ರಮಾಣಪತ್ರದೊಂದಿಗೆ ವಿಚಾರಣೆಗೆ 45 ದಿನ ಮೊದಲೇ ಎದುರು ಪಕ್ಷಕ್ಕೆ ಕೊಡಬೇಕು. ಅನುವಾದವೂ ಗೋಷ್ವಾರೆಯೂ ಸೇರಿದಲ್ಲಿ ತಪ್ಪು ನುಸುಳಲು ಎರಡು ಬಾಗಿಲು. ಎರಡೂ ಬಾಗಿಲಲ್ಲಿ ಪಾಟೀಸವಾಲಿಗೆ ಉತ್ತರಿಸಬಲ್ಲ ಮನುಷ್ಯ ಇರಬೇಕು. ಎಐ ಕಟಕಟೆ ಹತ್ತುವುದಿಲ್ಲ.

ನಿಮ್ಮ ಕೈಗೂ ಒಂದು ದಿನ ಇಂಥ ಕಾಗದ ಬಂದೀತು. ಮೊದಲು ಒಟ್ಟು ಮೊತ್ತವನ್ನು ನೀವೇ ಕೂಡಿ ನೋಡಿ. ಆಮೇಲೆ ಯಾವುದಾದರೂ ಮೂರು ಸಾಲು ಆರಿಸಿ, ಅವುಗಳ ಮೂಲ ಕಾಗದ ಕೇಳಿ. ಕೊಡಲಾಗದಿದ್ದರೆ ಆ ಗೋಷ್ವಾರೆಯನ್ನು ಒಪ್ಪಬೇಡಿ.