ಫರಸಿ ಕಲ್ಲಿನ ಊರುಗಳಲ್ಲಿ ಮನೆ ಪಾಲಾಗುವಾಗ

ಕಲಬುರಗಿ ಜಿಲ್ಲೆಯ ಶಹಾಬಾದಿನ ಖಣಿಯಲ್ಲಿ ಕಲ್ಲು ಎಬ್ಬಿಸುವವರು ಮೊದಲು ಪದರು ನೋಡುತ್ತಾರೆ. ಫರಸಿ ಎನ್ನುವ ಭೀಮಾ ಕೊಳ್ಳದ ಈ ಸುಣ್ಣಕಲ್ಲು ಒಂದು ಕಾಲದ ಸಮುದ್ರದ ಕೆಸರು ಪದರುಪದರಾಗಿ ಕೂತು ಗಟ್ಟಿಯಾದದ್ದು. ಸಂದಿ ಹಿಡಿದು ಹಾರೆ ಹಾಕಿದರೆ ಹಲಗೆಯಂತೆ ಎದ್ದು ಬರುತ್ತದೆ. ಪದರು ಬಿಟ್ಟು ಹೊಡೆದರೆ ಚೂರಾಗುತ್ತದೆ. ಮಳಖೇಡದ ಕೋಟೆಯಿಂದ ಹಿಡಿದು ಕಾಗಿಣಾ ದಂಡೆಯ ಬಡವರ ಮನೆಯ ತನಕ ಗೋಡೆ, ನೆಲ, ಛಾವಣಿ ಎಲ್ಲವೂ ಈ ಕಲ್ಲಿನವೇ.

ಈ ಸೀಮೆಯ ಹಳ್ಳಿಗಳಲ್ಲಿ ಹೆಚ್ಚಿನವನ್ನು ಪಟ್ಟಣ ಮಾಡಿದ್ದು ರೈಲು ಮತ್ತು ಸಿಮೆಂಟು. 1871ರ ಹೊತ್ತಿಗೆ ಮುಂಬಯಿ ಕಡೆಯ ಹಳಿ ಶಹಾಬಾದ್, ವಾಡಿ ದಾಟಿ ರಾಯಚೂರು ಮುಟ್ಟಿತು. 1874ರಲ್ಲಿ ನಿಜಾಮರ ರೈಲು ವಾಡಿಯಿಂದ ಚಿತ್ತಾಪುರ, ಸೇಡಂ ಹಾದು ಸಿಕಂದರಾಬಾದಿಗೆ ಹೋಯಿತು. ಶಹಾಬಾದಿನಲ್ಲಿ ಸಿಮೆಂಟ್ ಕಾರ್ಖಾನೆ ಬಂತು. 1968ರಲ್ಲಿ ವಾಡಿಯಲ್ಲಿ ಎಸಿಸಿ ಸಿಮೆಂಟ್ ಕಾರ್ಖಾನೆ ಶುರುವಾಯಿತು. ದುಡಿಯಲು ಬಂದವರು ಇಲ್ಲೇ ನೆಲೆನಿಂತರು. ಹಳಿಯಿಂದ ದೂರವಿದ್ದ ಚಿಂಚೋಳಿಯೂ ಮುಲ್ಲಾಮಾರಿ ದಂಡೆಯಲ್ಲಿ ತನ್ನಷ್ಟಕ್ಕೆ ಬೆಳೆಯಿತು. ಚಿತ್ತಾಪುರ ತಾಲೂಕಿನಿಂದ ಪಾಲು ಪಡೆದು ಶಹಾಬಾದ್ ಈಗ ಸ್ವತಃ ತಾಲೂಕಾಗಿದೆ.

ತಾಲೂಕು ಪಾಲಾಗುವಾಗ ನಕ್ಷೆ ಬರೆಯುತ್ತಾರೆ. ಮನೆ ಪಾಲಾಗುವಾಗ ಹಾಗಾಗುವುದು ಕಡಿಮೆ. 40 ಅಡಿ ಅಗಲ, 60 ಅಡಿ ಉದ್ದದ ಹಳೆಯ ಮನೆಯೊಂದನ್ನು ಲೆಕ್ಕಕ್ಕೆ ಹಿಡಿಯಿರಿ. ಮೂವರಿಗೆ ವಾಟ್ನಿ, ಅಂದರೆ ಪಾಲು, ಆದರೆ ಒಬ್ಬೊಬ್ಬರಿಗೆ 13 ಅಡಿ 4 ಅಂಗುಲ ಅಗಲ ಸಿಗುತ್ತದೆ, ರೈಲು ಡಬ್ಬಿಯಂಥ ಪಾಲು. ನಡುವಿನ ಮನೆಗೆ ಎರಡು ಬದಿಯಲ್ಲೂ ಕಿಟಕಿ ಇಡಲಾಗದು. ಮುಂದಿನ ತಲೆಮಾರಿನಲ್ಲಿ ಅದನ್ನೇ ಅಡ್ಡ ಸೀಳಿದರೆ ಹಿಂದಿನವರಿಗೆ ದಾರಿಯೇ ಇಲ್ಲ, ಗಟಾರವೂ ಇಲ್ಲ. ಹೆಣ ಎತ್ತಬೇಕಾದರೂ ಮುಂದಿನ ಮನೆಯವರ ಪಡಸಾಲೆ ಹಾಯಬೇಕು. ಬಿಸಿಲು 40 ಡಿಗ್ರಿ ದಾಟುವ ಈ ಸೀಮೆಯಲ್ಲಿ ಹಗಲೆಲ್ಲ ಕಾದ ಕಲ್ಲಿನ ಛಾವಣಿ ರಾತ್ರಿಯೂ ಧಗೆ ಬಿಡುತ್ತದೆ. ಅಂಗಳ ಹೋದರೆ ಗಾಳಿಯೂ ಹೋಯಿತು.

ಹಾಗೆಂದು ಪಾಲು ಕೇಳುವುದು ತಪ್ಪಲ್ಲ. 1994ರಲ್ಲಿ ಕರ್ನಾಟಕ, 2005ರಲ್ಲಿ ಇಡೀ ದೇಶ ಹಿಂದೂ ಕುಟುಂಬಗಳ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟವು. ಅದು ನ್ಯಾಯ. ಸಣ್ಣ ಪಾಲು ಮಾಡಲೇಬೇಡಿ ಎಂದು ಕಟ್ಟಪ್ಪಣೆ ಹೊರಡಿಸಿದರೆ ಮೊದಲು ಹಕ್ಕು ಬಿಡುವವಳು ಅಕ್ಕ ಅಥವಾ ತಂಗಿಯೇ. ಬಡವನೂ ಊರೊಳಗೆ ಜಾಗ ಸಿಗದೆ, ಊರಾಚೆ ಎನ್‌ಎ (ಕೃಷಿಯೇತರ ಪರಿವರ್ತನೆ) ಆಗದ ಹೊಲದಲ್ಲಿ ಗುಂಟೆ ಲೆಕ್ಕದ ಪ್ಲಾಟು ಹುಡುಕುತ್ತಾನೆ. ಅಂಥ ಬಡಾವಣೆಗಳ ಆಸ್ತಿಗಳಿಗಾಗಿಯೇ 2025ರಲ್ಲಿ ಸರಕಾರ ನಗರಸಭೆ, ಪುರಸಭೆಗಳಲ್ಲಿ ಬಿ ಖಾತೆಯ ಅಭಿಯಾನ ನಡೆಸಬೇಕಾಯಿತು.

ಕಾನೂನಿನ ದಾರಿ ಮೊದಲೇ ಇದೆ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 17ನೇ ಕಲಮು ನಿವೇಶನ ಒಡೆಯಲು ಮಂಜೂರಾತಿ ಬೇಕೆನ್ನುತ್ತದೆ. ಆದರೆ ಅಣ್ಣತಮ್ಮಂದಿರು ಗೋಡೆ ಎಬ್ಬಿಸಿ, ಒಲೆ ಬೇರೆ ಮಾಡಿಕೊಂಡು, ವರ್ಷಗಳಾದ ಮೇಲೆ ಖಾತೆಗೆಂದು ಕಚೇರಿಗೆ ಬರುತ್ತಾರೆ. ಆ ಹೊತ್ತಿಗೆ ಕಚೇರಿಯವರು ಒಪ್ಪಿದರೂ ಕಷ್ಟ, ಒಪ್ಪದಿದ್ದರೂ ಕಷ್ಟ.

ಶಹಾಬಾದಿನ ನಗರಸಭೆ, ವಾಡಿ, ಚಿತ್ತಾಪುರ, ಸೇಡಂ, ಚಿಂಚೋಳಿಯ ಪುರಸಭೆಗಳು ಮನೆ ಪಾಲಿನ ಈ ಮಾತನ್ನು ಸಾಮಾನ್ಯ ಸಭೆಯಲ್ಲಿ ಮನಸ್ಸಿಟ್ಟು ಚರ್ಚಿಸಬೇಕು. ಎಷ್ಟು ಚದರಡಿಗಿಂತ ಕಡಿಮೆ ಮಾಡಬಾರದು ಎಂಬ ಒಂದೇ ಅಂಕಿ ಸಾಲದು. ಪ್ರತಿ ಪಾಲಿಗೂ ಓಣಿಗೆ ಬಾಗಿಲಿದೆಯೇ, ಬಚ್ಚಲ ನೀರು ಗಟಾರ ಸೇರುತ್ತದೆಯೇ, ಒಂದು ಬದಿಗಾದರೂ ಗಾಳಿ ಬರುತ್ತದೆಯೇ ಎಂದು ನೋಡಬೇಕು. ದಾರಿ, ಬಾವಿ, ಅಂಗಳಗಳನ್ನು ಪಾಲು ಮಾಡದೆ ವಾಟ್ನಿ ಪತ್ರದಲ್ಲೇ ಸಮಾಯಿಕ, ಅಂದರೆ ಎಲ್ಲರಿಗೂ ಸೇರಿದ್ದು, ಎಂದು ಬರೆಸಬೇಕು. ಈ ಶಬ್ದ ನಮ್ಮ ಹಿರಿಯರಿಗೆ ಗೊತ್ತಿದ್ದದ್ದೇ, ಹೊಲದ ಬಾವಿಗೆ ಬರೆಸುತ್ತಿದ್ದರು.

ಕಲ್ಲಿಗಿದ್ದಂತೆ ಮನೆಗೂ ಒಂದು ಪದರಿದೆ. ದಾರಿ, ನೀರು, ಗಾಳಿ ಓಡಾಡುವ ಜಾಗ ಅದು. ಅದನ್ನು ಹಿಡಿದು ಪಾಲು ಮಾಡಿದರೆ ಒಲೆ ಮೂರಾದರೂ ಅಂಗಳ ಒಂದೇ ಉಳಿಯುತ್ತದೆ. ವೈಶಾಖದ ರಾತ್ರಿ ಮೂರೂ ಮನೆಯವರು ಅಲ್ಲೇ ಹಾಸಿಗೆ ಹಾಸಿಕೊಳ್ಳಬಹುದು.