ಸಂಪತ್ತು, ಅಂತಸ್ತು, ಸೌಂದರ್ಯದ ಆದರ್ಶಗಳು: ಕಲ್ಲುಗುಂಡಿ–ಸುಳ್ಯ ಸೀಮೆಯ ಯುವಜನರು

ಯಾರು ಅನುಕೂಲಸ್ಥ, ಯಾರು ದೊಡ್ಡ ಮನೆಯವ, ಯಾರು ಚಂದ ಎಂಬುದಕ್ಕೆ ಪ್ರತಿ ಸಮಾಜವೂ ಕೆಲವು ಅಳತೆಗೋಲುಗಳನ್ನು ಇಟ್ಟುಕೊಂಡಿರುತ್ತದೆ. ಯುವಜನರ ಓದು, ಉದ್ಯೋಗ, ಉಡುಗೆ, ಮದುವೆಗಳ ಮೇಲೆ ಅವುಗಳ ಪ್ರಭಾವ ದೊಡ್ಡದು. ಕಲ್ಲುಗುಂಡಿ ದಕ್ಷಿಣ ಕನ್ನಡ ಜಿಲ್ಲೆಯ ಸುಳ್ಯ ತಾಲೂಕಿನ ಸಂಪಾಜೆ ಗ್ರಾಮದ ಪೇಟೆ. ಮಾಣಿ–ಮೈಸೂರು ಹೆದ್ದಾರಿಯಲ್ಲಿ, ಪಯಸ್ವಿನಿ ಹೊಳೆಯ ಬದಿಗಿದೆ. ಅಲ್ಲಿಂದ ಮುಂದೆ ಕೊಡಗು. ಈ ಸೀಮೆಯಲ್ಲಿ ಅಳತೆಗೋಲು ಎರಡು ತಲೆಮಾರುಗಳಲ್ಲಿ ಮಣ್ಣಿನಿಂದ ಪದವಿಗೆ, ಪದವಿಯಿಂದ ಮೊಬೈಲ್ ಪರದೆಗೆ ಸರಿದಿದೆ. ಆದರೆ ಹೊಸದು ಬಂತೆಂದು ಹಳೆಯದನ್ನು ಯಾರೂ ಎಸೆದಿಲ್ಲ. ಇಂದಿನ ಹುಡುಗ ಹುಡುಗಿಯರು ಮೂರರಲ್ಲೂ ಪಾಸಾಗಬೇಕು.

ತೋಟ ಎಂಬ ಅಳತೆ

ಕರಾವಳಿಯ ಹಳೆಯ ವ್ಯವಸ್ಥೆಯಲ್ಲಿ ಅಂತಸ್ತು ಎಂದರೆ ವರ್ಗ ಭೂಮಿ (ಪಟ್ಟಾ ಜಮೀನು), ಅದರ ಸುತ್ತಲಿನ ಕುಮ್ಕಿ (ಬಳಕೆಯ ಹಕ್ಕಿರುವ ಸರ್ಕಾರಿ ಜಾಗ), ಗೇಣಿ ತಂದು ಅಳೆಯುವ ಒಕ್ಕಲುಗಳು. ಪುತ್ತೂರಿನಲ್ಲಿ ದಶಕಗಳ ಕಾಲ ನೆಲೆಸಿದ್ದ ಶಿವರಾಮ ಕಾರಂತರ 'ಚೋಮನ ದುಡಿ' (1933) ಕಾದಂಬರಿಯ ಚೋಮ ಬಯಸುವುದು ಹಣವನ್ನಲ್ಲ, ಸ್ವಂತವಾಗಿ ಬೇಸಾಯ ಮಾಡುವ ಹಕ್ಕನ್ನು. ದೇವರಾಜ ಅರಸು ಸರ್ಕಾರದ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಮೇಲೆ ಅವಿಭಜಿತ ದಕ್ಷಿಣ ಕನ್ನಡದಲ್ಲಿ 'ಡಿಕ್ಲರೇಷನ್' (ಗೇಣಿ ಹಕ್ಕಿನ ಅರ್ಜಿ) ಕೊಟ್ಟ ಗೇಣಿದಾರರು ಅಪಾರ ಸಂಖ್ಯೆಯಲ್ಲಿ ಒಡೆಯರಾದರು. ನಿನ್ನೆಯ ಒಕ್ಕಲಿನ ಮಗನೂ ಅಡಿಕೆ ಸಸಿ ನೆಟ್ಟ. 1973ರಲ್ಲಿ ಹುಟ್ಟಿದ ಕ್ಯಾಂಪ್ಕೋ ಸಹಕಾರಿ ಸಂಸ್ಥೆ ಅಡಿಕೆಗೆ ನಂಬಬಹುದಾದ ಮಾರುಕಟ್ಟೆ ಒದಗಿಸಿತು. ಅಂಗಳದಲ್ಲಿ ಎಷ್ಟು ಅಡಿಕೆ ಒಣಗುತ್ತಿದೆ, ಬಾವಿಯೋ ಕೊಳವೆಬಾವಿಯೋ, ಜೀಪು ಇದೆಯೋ ಇಲ್ಲವೋ: ನೆಂಟಸ್ತಿಕೆಗೆ ಬಂದವರ ಕಣ್ಣು ಮೊದಲು ಹೋಗುತ್ತಿದ್ದುದು ಇವುಗಳ ಮೇಲೆ.

ಈ ಅಳತೆಯ ಹೊರಗೇ ಉಳಿದವರೂ ಇದ್ದಾರೆ. 1964ರ ಭಾರತ–ಶ್ರೀಲಂಕಾ ಒಪ್ಪಂದದ ಫಲವಾಗಿ ಮರಳಿ ಬಂದ ತಮಿಳು ಕುಟುಂಬಗಳಿಗೆ ಸುಳ್ಯ, ಪುತ್ತೂರು ಭಾಗದ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ಟ್ಯಾಪಿಂಗ್ ಕೆಲಸ ಸಿಕ್ಕಿತು, ವಸತಿಗೆ ನಿಗಮದ ಮನೆ ಸಿಕ್ಕಿತು. ಊರವರ ಮಕ್ಕಳೊಂದಿಗೆ ಒಂದೇ ಶಾಲೆಯಲ್ಲಿ ಕಲಿತ ಅವರ ಮಕ್ಕಳಿಗೆ, ಸ್ವಂತ ಜಾಗವಿಲ್ಲದ್ದರಿಂದ, ಓದೊಂದೇ ಮೇಲೇರುವ ಮೆಟ್ಟಿಲಾಯಿತು.

ಕಲ್ಲುಗುಂಡಿಯ ಕಥೆಗೆ ಇನ್ನೊಂದು ತಿರುವು ಇದೆ. ಸಂಪಾಜೆ, ಅರಂತೋಡು, ತೊಡಿಕಾನ, ಮರ್ಕಂಜ ಭಾಗದ ತೋಟಗಳನ್ನು ಹಳದಿ ಎಲೆ ರೋಗ ತಿಂದುಹಾಕಿದೆ. ಇದು ಫೈಟೋಪ್ಲಾಸ್ಮಾದಿಂದ ಬರುವ ರೋಗ. ಕೊಳೆರೋಗದ ಹಾಗೆ ಮದ್ದು ಬಿಟ್ಟರೆ ಹೋಗುವಂಥದ್ದಲ್ಲ. ಮರ ಒಮ್ಮೆಗೇ ಸಾಯುವುದಿಲ್ಲ. ಗರಿ ಹಳದಿಯಾಗುತ್ತದೆ, ತಲೆ ಸಣ್ಣದಾಗುತ್ತದೆ, ಫಸಲು ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ. ಪರ್ಯಾಯ ಬೆಳೆ ಮತ್ತು ಸಂಶೋಧನೆಗೆಂದು 2021ರ ರಾಜ್ಯ ಬಜೆಟ್ಟಿನಲ್ಲಿ 25 ಕೋಟಿ ರೂಪಾಯಿ ಪ್ರಕಟವಾಯಿತು. ಅದೇ ವರ್ಷ ಹಳೆ ಚಾಲಿ ಅಡಿಕೆಯ ಧಾರಣೆ ಕಿಲೋಗೆ 500 ರೂಪಾಯಿ ಮುಟ್ಟಿದ್ದು ವಿಪರ್ಯಾಸ. ಬೇರೆ ಕಡೆಯ ಬೆಳೆಗಾರನ ಮಗ ಹೊಸ ಕಾರು ಕೊಂಡಾಗ ಇಲ್ಲಿಯವನ ಕೈಯಲ್ಲಿ ಎಕರೆಗಟ್ಟಲೆ ಪಟ್ಟೆಯಿತ್ತು, ಮಾರಲು ಅಡಿಕೆ ಇರಲಿಲ್ಲ. ಆಸ್ತಿವಂತ ಎಂಬ ಹೆಸರು ಉಳಿದು ಆದಾಯ ಹೋಗುವ ಈ ಸ್ಥಿತಿ ಬಡತನಕ್ಕಿಂತ ಬೇರೆ ಬಗೆಯದು, ಹೇಳಿಕೊಳ್ಳುವುದೂ ಕಷ್ಟ.

ಪದವಿ ಮತ್ತು ಪರವೂರು

ಪುತ್ತೂರಿನಲ್ಲಿ 1958ರಲ್ಲಿ ಸಂತ ಫಿಲೋಮಿನಾ ಕಾಲೇಜು, 1965ರಲ್ಲಿ ವಿವೇಕಾನಂದ ಕಾಲೇಜು ಬಂದವು. ಸುಳ್ಯದಲ್ಲಿ ಕುರುಂಜಿ ವೆಂಕಟ್ರಮಣ ಗೌಡರು 1976ರಲ್ಲಿ ನೆಹರು ಮೆಮೋರಿಯಲ್ ಕಾಲೇಜನ್ನೂ 1986ರಲ್ಲಿ ಇಂಜಿನಿಯರಿಂಗ್ ಕಾಲೇಜನ್ನೂ ತೆರೆದರು. ದಂತ ಮತ್ತು ವೈದ್ಯಕೀಯ ಕಾಲೇಜುಗಳು ನಂತರ ಸೇರಿಕೊಂಡವು. ಬೆಟ್ಟಗಳ ನಡುವಿನ ಸಣ್ಣ ಪೇಟೆಗೆ ಇದು ಅಸಾಧಾರಣ. ಅಡಿಕೆಯ ಹಣ ಫೀಸಾಯಿತು, ಫೀಸು ಪದವಿಯಾಯಿತು, ಪದವಿ ಬೆಂಗಳೂರಿನ ಬಸ್ಸು ಹತ್ತಿತು. ಕರಾವಳಿಯ ಮುಸ್ಲಿಂ ಕುಟುಂಬಗಳ ಅನೇಕ ಯುವಕರಿಗೆ ಇದಕ್ಕೆ ಸಮಾನವಾದ ದಾರಿ ಗಲ್ಫ್. ಊರಿಗೆ ಬಂದಾಗ ತರುವ ಅತ್ತರು, ಕಟ್ಟಿಸುವ ಟೆರೇಸ್ ಮನೆ, ತಂಗಿಯ ಮದುವೆಯ ಚಿನ್ನ ಕಣ್ಣಿಗೆ ಕಾಣುತ್ತವೆ. ಅಲ್ಲಿಯ ದುಡಿಮೆಯ ತಾಸುಗಳು ಕಾಣುವುದಿಲ್ಲ. ತೋರಿಕೆಗೆಂದೇ ಮಾಡುವ ಖರ್ಚಿನ ಬಗ್ಗೆ ಅರ್ಥಶಾಸ್ತ್ರಜ್ಞ ಥೋರ್‌ಸ್ಟೈನ್ ವೆಬ್ಲೆನ್ 1899ರಲ್ಲಿ ಬರೆದದ್ದು ಅಮೆರಿಕದ ಸಿರಿವಂತರನ್ನು ನೋಡಿ. ಇಲ್ಲಿ ಆ ಖರ್ಚು ಹೆಚ್ಚಾಗಿ ಸಾಲದ್ದು.

ತೋರಿಕೆಗೆ ಒಂದು ಸಾರ್ವಜನಿಕ ಅಂಗಳವೂ ಇದೆ. ಕಲ್ಲುಗುಂಡಿಯಲ್ಲಿ ವಿಷ್ಣುಮೂರ್ತಿ ದೈವದ ಒತ್ತೆಕೋಲ ನಡೆಯುತ್ತದೆ. ಕೆಂಡದ ರಾಶಿಗೆ ದೈವ ಬೀಳುವುದನ್ನು ನೋಡಲು ಜನ ಸೇರುತ್ತಾರೆ. ದೈವದ ಮುಂದೆ ಯಾವ ಮನೆತನದವರು ಎಲ್ಲಿ ನಿಲ್ಲಬೇಕು, ಪ್ರಸಾದ ಮೊದಲು ಯಾರಿಗೆ ಎಂಬ ಕ್ರಮ ತುಳುನಾಡಿನ ಕೋಲ, ನೇಮಗಳಲ್ಲಿ ಹಿಂದಿನಿಂದ ಬಂದದ್ದು. ಆ ಸಾಲಿನಲ್ಲಿ ಸ್ಥಾನವಿಲ್ಲದ ಹುಡುಗರಿಗೆ ಈಗ ಫ್ಲೆಕ್ಸ್ ಇದೆ. ರಸ್ತೆಬದಿಯ ಬ್ಯಾನರಿನಲ್ಲಿ 'ಶುಭ ಕೋರುವವರು' ಎಂದು ಕೂಲಿಂಗ್ ಗ್ಲಾಸ್ ತೊಟ್ಟ ಹತ್ತಾರು ಮುಖಗಳು ಒಂದೇ ಅಳತೆಯಲ್ಲಿ ಸಾಲಾಗಿರುತ್ತವೆ. ಇದನ್ನು ಶೋಕಿ ಎಂದು ನಗುವವರು ಅದರೊಳಗಿನ ಸಮಾನತೆಯ ಹಂಬಲವನ್ನೂ ಕಾಣಬೇಕು.

ಚಂದದ ಲೆಕ್ಕ

ತೆಂಕುತಿಟ್ಟು ಯಕ್ಷಗಾನದ ನಾಡಿನಲ್ಲಿ ಹೆಣ್ಣಿನ ಸೊಬಗಿನ ಮಾದರಿಯನ್ನು ಬಹುಕಾಲ ರಂಗದ ಮೇಲೆ ತೋರಿಸಿಕೊಟ್ಟವರು ಗಂಡಸರು. ಕಲ್ಲುಗುಂಡಿಯಲ್ಲಿ ನಡೆಯುವ ಸಂಪಾಜೆ ಯಕ್ಷೋತ್ಸವದಂಥ ರಾತ್ರಿಗಳಲ್ಲಿ ಸ್ತ್ರೀವೇಷಧಾರಿಯ ನಡೆ, ಕತ್ತಿನ ಓರೆ, ಮಾತಿನ ಒಯ್ಯಾರವನ್ನು ನೋಡುಗರು ಮೆಚ್ಚುವುದು ಕಲಿತು ಸಾಧಿಸಿದ ಕಲೆಯೆಂದು. ಚೌಕಿಯಲ್ಲಿ ಬಣ್ಣ ತೊಳೆದರೆ ಅದು ಮುಗಿಯಿತು. ಅಂಗಡಿಯ ಚೆಲುವು ಹಾಗಲ್ಲ, ಇಪ್ಪತ್ತನಾಲ್ಕು ಗಂಟೆಯೂ ಇರಬೇಕು. 1975ರಲ್ಲಿ ಮಾರುಕಟ್ಟೆಗೆ ಬಂದ ಫೇರ್ ಆ್ಯಂಡ್ ಲವ್ಲಿ ಕ್ರೀಮು ಸಣ್ಣ ಪ್ಯಾಕೆಟ್ಟಿನಲ್ಲಿ ಹಳ್ಳಿಯ ಗೂಡಂಗಡಿಗೂ ಇಳಿಯಿತು. ಕಪ್ಪು ಮೈಬಣ್ಣವನ್ನು ಕೀಳಾಗಿ ತೋರಿಸಬಾರದೆಂದು ಜಾಹೀರಾತು ಮಾನದಂಡ ಮಂಡಳಿ 2014ರಲ್ಲಿ ನಿಯಮ ಮಾಡಿತು. 2020ರಲ್ಲಿ ಕ್ರೀಮಿನ ಹೆಸರೇ ಗ್ಲೋ ಆ್ಯಂಡ್ ಲವ್ಲಿ ಆಯಿತು. ವೈವಾಹಿಕ ಜಾಹೀರಾತಿನ 'ಬೆಳ್ಳಗಿನ' ಎಂಬ ವಿಶೇಷಣಕ್ಕೆ ಯಾವ ಮಂಡಳಿಯೂ ಕೈ ಹಾಕಿಲ್ಲ. ಮಂಗಳೂರಿನಲ್ಲಿ ಹುಟ್ಟಿದ ಐಶ್ವರ್ಯಾ ರೈ 1994ರಲ್ಲಿ ವಿಶ್ವಸುಂದರಿಯಾದ ಮೇಲೆ ಚೆಲುವೂ ಒಂದು ವೃತ್ತಿ, ನಮ್ಮ ಕಡೆಯವರೂ ಅಲ್ಲಿಗೆ ಮುಟ್ಟಬಹುದು ಎಂಬ ಭಾವ ಜಿಲ್ಲೆಯಲ್ಲಿ ಬಲಿಯಿತು.

ಮನುಷ್ಯ ತನ್ನನ್ನು ತನಗೆ ಹತ್ತಿರದವರೊಂದಿಗೆ ಹೋಲಿಸಿಕೊಂಡು ಅಳೆಯುತ್ತಾನೆ ಎಂದು ಮನೋವಿಜ್ಞಾನಿ ಲಿಯಾನ್ ಫೆಸ್ಟಿಂಗರ್ 1954ರಲ್ಲಿ ವಾದಿಸಿದರು. ಆ 'ಹತ್ತಿರ'ವನ್ನೇ ಪರದೆ ಬದಲಿಸಿತು. ಫಿಜಿ ದ್ವೀಪದ ಒಂದು ಪ್ರಾಂತಕ್ಕೆ 1995ರಲ್ಲಿ ಟಿ.ವಿ. ಬಂದಾಗ ಸಂಶೋಧಕಿ ಆ್ಯನ್ ಬೆಕರ್ ಅಲ್ಲಿಯ ಶಾಲಾ ಹುಡುಗಿಯರನ್ನು ಅಧ್ಯಯನ ಮಾಡಿದರು. ಊಟದ ಬಗ್ಗೆ ಅಸಹಜ ಧೋರಣೆ ಕಂಡುಬಂದವರ ಪಾಲು ಮೂರು ವರ್ಷಗಳಲ್ಲಿ ಶೇ. 12.7ರಿಂದ 29.2ಕ್ಕೆ ಏರಿತ್ತು, ತುಂಬಿದ ಮೈಯನ್ನೇ ಚಂದವೆನ್ನುತ್ತಿದ್ದ ಸಮಾಜ ಅದು. 2016ರಲ್ಲಿ ಜಿಯೋ ಬಂದು ಡೇಟಾ ಅಗ್ಗವಾದ ಮೇಲೆ ಇನ್‌ಸ್ಟಾಗ್ರಾಂ ರೀಲ್ಸ್ ಸಂಪಾಜೆ ಕಣಿವೆಯ ಮನೆಗಳಿಗೂ ಬಂತು, ಸಿಗ್ನಲ್ ಸಿಗುವ ಗುಡ್ಡದ ತುದಿಗಾದರೂ ಬಂತು. ಹುಡುಗಿಯರಿಗೆ ಫಿಲ್ಟರ್, ಹುಡುಗರಿಗೆ ಜಿಮ್ಮು. ಅಡಿಕೆ ಮೂಟೆ ಹೊತ್ತು ಗಟ್ಟಿಯಾದ ಹೆಗಲಿಗೆ ಈ ಮಾರುಕಟ್ಟೆಯಲ್ಲಿ ಲೈಕು ಕಡಿಮೆ.

ಮದುವೆಯ ಪೇಟೆಯಲ್ಲಿ

ಮೂರೂ ಅಳತೆಗಳು ಒಟ್ಟಾಗುವುದು ಸಂಬಂಧ ಕೂಡಿಸುವಾಗ. "ಹುಡುಗ ಎಂಥ ಮಾಡುವುದು?" ಎಂಬ ಪ್ರಶ್ನೆಗೆ "ಊರಲ್ಲೇ, ತೋಟ ನೋಡಿಕೊಂಡು" ಎಂದರೆ ಮಾತು ಅಲ್ಲಿಗೇ ನಿಲ್ಲುವುದುಂಟು. ಹುಡುಗನಿಗೆ ತೋಟ ಇರಬೇಕು, ಆದರೆ ಅವನು ತೋಟದಲ್ಲಿ ಇರಬಾರದು. ಹೆಣ್ಣಿನ ಸಂಖ್ಯೆ ಕಡಿಮೆಯಾದ್ದರಿಂದ ಹೀಗಾಗಿದೆ ಎನ್ನುವಂತಿಲ್ಲ: 2011ರ ಜನಗಣತಿಯ ಪ್ರಕಾರ ದಕ್ಷಿಣ ಕನ್ನಡದಲ್ಲಿ ಸಾವಿರ ಗಂಡಸರಿಗೆ 1,020 ಹೆಂಗಸರಿದ್ದರು, ಸಾಕ್ಷರತೆ ಶೇ. 88.57. ಓದಿದ ಹುಡುಗಿ ಬೇಡ ಎನ್ನುತ್ತಿರುವುದು ಮಣ್ಣನ್ನಲ್ಲ. ಬೆಳಗಿನ ಕೊಟ್ಟಿಗೆ ಕೆಲಸ, ಆಳುಗಳಿಗೆ ಅಡುಗೆ, ತನ್ನ ಹೆಸರಿಗೆ ಬಾರದ ಆಸ್ತಿಗಾಗಿ ದುಡಿಮೆ ಇವನ್ನು. ಅವಳ ಆಯ್ಕೆಯನ್ನು ದುಡ್ಡಿನಾಸೆ ಎಂದು ಕರೆಯುವ ಊರ ಹಿರಿಯರು ತಮಗೆ ಇಂಜಿನಿಯರ್ ಸೊಸೆಯೇ ಬೇಕೆಂದಾಗ ಅದನ್ನು ಆಸೆ ಎನ್ನುವುದಿಲ್ಲ.

ಸಂಬಂಧ ಕುದುರಿದರೆ ಖರ್ಚಿನ ಪರ್ವ. ಮನೆಯ ಹೆಂಗಸರು ಸೇರಿ ಕೈಗೆ ಬಣ್ಣ ಹಚ್ಚುತ್ತಿದ್ದ ಮದರಂಗಿಯ ರಾತ್ರಿಗೆ ಈಗ ಡಿ.ಜೆ., ಲೈಟಿಂಗ್, ಒಂದೇ ಬಣ್ಣದ ಉಡುಪು ಬಂದಿವೆ. ಅದಕ್ಕೂ ಮೊದಲು ಪ್ರಿ-ವೆಡ್ಡಿಂಗ್ ಶೂಟ್. ವರದಕ್ಷಿಣೆ 1961ರಿಂದ ಅಪರಾಧ. ಚಿನ್ನ 'ನಮ್ಮ ಮಗಳಿಗೆ ನಾವು ಹಾಕಿದ್ದು' ಎಂಬ ಹೆಸರಿನಲ್ಲಿ ನಡೆದೇ ಇದೆ.

ಕೃಷಿಕ ಹುಡುಗರಿಗೆ ಸಂಬಂಧ ಕೂಡಿಬರದಿರುವುದು ಕರಾವಳಿಯೊಂದರ ಸಂಗತಿಯಲ್ಲ. ಹೆಣ್ಣು ಸಿಗದ ರೈತ ಯುವಕರು 2023ರ ಫೆಬ್ರುವರಿಯಲ್ಲಿ ಮಂಡ್ಯ ಜಿಲ್ಲೆಯಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ 'ಬ್ರಹ್ಮಚಾರಿಗಳ ನಡಿಗೆ' ಕೈಗೊಂಡರು. ಎರಡು ತಿಂಗಳ ಬಳಿಕ, ವಿಧಾನಸಭಾ ಚುನಾವಣೆಯ ಪ್ರಚಾರದಲ್ಲಿ, ರೈತರ ಮಕ್ಕಳನ್ನು ಮದುವೆಯಾಗುವ ಯುವತಿಯರಿಗೆ 2 ಲಕ್ಷ ರೂಪಾಯಿ ಕೊಡುವುದಾಗಿ ಜೆ.ಡಿ.ಎಸ್. ನಾಯಕ ಎಚ್.ಡಿ. ಕುಮಾರಸ್ವಾಮಿ ಕೋಲಾರದಲ್ಲಿ ಭರವಸೆ ಕೊಟ್ಟರು. ಆ ಚುನಾವಣೆಯಲ್ಲಿ ಅವರ ಪಕ್ಷ ಗೆದ್ದದ್ದು 19 ಸ್ಥಾನ.