ಹತ್ತು ಸೊನ್ನೆ ಎರಡು ಹದಿನೈದು

"ಸರ್, ನನಗೂ ಅದೇ ಅಡ್ರೆಸ್ ಬಂದಿದೆ!" ಲ್ಯಾಬಿನ ಮೂಲೆಯಿಂದ ಒಂದು ದನಿ, ಹಿಂದೆಯೇ ಇನ್ನೊಂದು. ಕಂಪ್ಯೂಟರಿನೊಳಗೇ ಇನ್ನೊಂದು ಕಂಪ್ಯೂಟರ್ ಓಡಿಸುವ ವರ್ಚುಯಲ್‌ಬಾಕ್ಸ್‌ನಲ್ಲಿ ಲಿನಕ್ಸ್ ಹಾಕಿದ ಮೂವತ್ತು ಮಕ್ಕಳ ಪರದೆಯ ಮೇಲೂ 10.0.2.15. ಪ್ರತಿ ವರ್ಷ ಈ ಗಲಾಟೆಗೆ ನಾನು ಕಾದು ಕೂತಿರುತ್ತೇನೆ, ಸುಳ್ಳೇಕೆ.

ವರ್ಚುಯಲ್‌ಬಾಕ್ಸ್ ಜನರ ಕೈಗೆ ಬಂದದ್ದು 2007ರಲ್ಲಿ. ಆ ಸಂಖ್ಯೆ ಅದಕ್ಕಿಂತ ಹಳೆಯದು, ಡಯಲಪ್ ಕಾಲದ್ದು. ನಮ್ಮಲ್ಲಿ ವಿಎಸ್‌ಎನ್‌ಎಲ್ 1995ರ ಆಗಸ್ಟ್ 15ರಂದು ಇಂಟರ್‌ನೆಟ್ ಶುರು ಮಾಡಿದಾಗ ಅಗ್ಗದ್ದೆಂದರೆ ಶೆಲ್ ಅಕೌಂಟ್: ಕಪ್ಪು ಪರದೆ, ಬರೀ ಅಕ್ಷರ. ಚಿತ್ರ ಬೇಕೆಂದರೆ ಟಿಸಿಪಿ/ಐಪಿ ಅಕೌಂಟ್, ಅದು ದುಬಾರಿ. ಹೊರದೇಶಗಳಲ್ಲೂ ಇದೇ ಪಾಡು. ಅದೇ ವರ್ಷ ಡ್ಯಾನಿ ಗ್ಯಾಸ್ಪರೋವ್‌ಸ್ಕಿ ಎಂಬಾತ ಸ್ಲರ್ಪ್ ಎಂಬ ಪ್ರೋಗ್ರಾಂ ಬರೆದ. ಶೆಲ್ ಅಕೌಂಟಿನೊಳಗೆ, ಯಾರ ಅಪ್ಪಣೆಯೂ ಇಲ್ಲದೆ ಓಡಿಸಬಹುದು. ನಿಮ್ಮ ಮನೆಯ ಕಂಪ್ಯೂಟರ್ ಕಳಿಸಿದ್ದನ್ನು ಅದು ತನ್ನದೇ ಎಂಬಂತೆ ಹೊರಗೆ ಸಾಗಿಸುತ್ತಿತ್ತು, ಉತ್ತರ ಬಂದರೆ ಮನೆಗೆ ಮುಟ್ಟಿಸುತ್ತಿತ್ತು. ಮನೆಯ ಕಂಪ್ಯೂಟರಿಗೆ ಏನಾದರೊಂದು ವಿಳಾಸ ಬೇಕಲ್ಲ? 10.0.2.15 ಇಟ್ಟುಕೊಳ್ಳಿ ಎಂದಿತು.

ಮುಂದೆ ಫ್ಯಾಬ್ರಿಸ್ ಬೆಲ್ಲಾರ್ಡ್ ಅವರ ಕ್ಯೂಎಮು ಎಂಬ ಇಂಥದ್ದೇ ಪ್ರೋಗ್ರಾಂ ಸ್ಲರ್ಪ್‌ನ ಕೋಡನ್ನು ಒಳಗೆ ಸೇರಿಸಿಕೊಂಡಿತು, ವರ್ಚುಯಲ್‌ಬಾಕ್ಸ್‌ನ ನ್ಯಾಟ್ (ಒಳಗಿನ ಯಂತ್ರದ ಮಾತನ್ನು ತನ್ನ ಹೆಸರಲ್ಲಿ ಹೊರಗೆ ಸಾಗಿಸುವ ವ್ಯವಸ್ಥೆ) ಕೂಡ ಅದರ ಮೇಲೇ ನಿಂತಿತು. ಮೋಡೆಮ್ ಗುಜರಿಗೆ ಹೋಯಿತು, ವಿಳಾಸ ಉಳಿಯಿತು. ಲ್ಯಾಬಿನ ಒಂದೊಂದು ವರ್ಚುಯಲ್ ಯಂತ್ರವೂ ತನಗೇ ಒಂದು ಫೋನ್ ಲೈನ್ ಇದೆ, ಆ ತುದಿಯಲ್ಲಿ 10.0.2.2 ಕೂತಿದೆ ಎಂದು ನಂಬಿದೆ. ಮೂವತ್ತೂ ಒಂದೇ ಹೆಸರಿಟ್ಟುಕೊಂಡರೂ ಜಗಳವಿಲ್ಲ. ವಿಳಾಸದ ಮೊದಲಿನ ಆ ಹತ್ತು ಇನ್ನೂ ಹಳಬ: ಇಂಟರ್‌ನೆಟ್‌ನ ಪೂರ್ವಜ ಅರ್ಪಾನೆಟ್‌ನ ನಂಬರು. 1990ರಲ್ಲಿ ಅರ್ಪಾನೆಟ್ ಮುಚ್ಚಿತು. ಆಮೇಲೆ ಖಾಸಗಿ ಬಳಕೆಗೆ ಬಿಟ್ಟುಕೊಟ್ಟರು.

ಮಕ್ಕಳಿಗೆ ನ್ಯಾಟ್ ಅರ್ಥ ಮಾಡಿಸಲು ನನ್ನ ಬಳಿ ಒಂದು ಹಳೇ ವಿಸಿಟಿಂಗ್ ಕಾರ್ಡ್ ಇದೆ. ನಂಬರಿನ ಮುಂದೆ 'ಪಿ.ಪಿ.' ಎಂದಿದೆ, ಅಂದರೆ ಪಕ್ಕದ ಮನೆಯ ಫೋನು. ನಾವು ಹೋಗಿ ಮಾತಾಡಿ ಬರಬಹುದು. ನಮಗೆ ಕರೆ ಬಂದರೆ ಅವರೇ ಕಾಂಪೌಂಡಿನಿಂದ ಕೂಗಬೇಕು. ಆ ಕೂಗಿಗೇ ಪೋರ್ಟ್ ಫಾರ್ವರ್ಡಿಂಗ್ ಎನ್ನುವುದು. ನ್ಯಾಟ್ ಬಿಟ್ಟು ಬೇರೆ ದಾರಿಗಳೂ ಇವೆ. ಹೋಸ್ಟ್-ಓನ್ಲಿ ಎಂದರೆ ಮನೆಯೊಳಗಿನ ಇಂಟರ್‌ಕಾಮ್, ಅದರಲ್ಲಿ ಹೇಳುವಂಥದ್ದೇನಿಲ್ಲ.

ಬ್ರಿಡ್ಜ್ ಮಾತ್ರ ನಮ್ಮದೇ ಹೆಸರಿನ ಕನೆಕ್ಷನ್. 1999ರಲ್ಲಿ ಇದೇ ಬಗೆಯ ವಿಎಂವೇರ್ ಮಾರುಕಟ್ಟೆಗೆ ಬಂದ ಕಾಲದಿಂದಲೂ ಇರುವ ದಾರಿ: ಒಳಗಿನ ಯಂತ್ರ ಆಫೀಸಿನ ತಂತಿಗೆ ನೇರ ಇಳಿದು, ಮತ್ತೊಂದು ಕಂಪ್ಯೂಟರಿನಂತೆ ನಿಲ್ಲುತ್ತದೆ. ಈ ದಾರಿಯಲ್ಲಿ ನಾನು ಒಮ್ಮೆ ಮುಗ್ಗರಿಸಿದ್ದೇನೆ. ಒಂದೇ ವರ್ಚುಯಲ್ ಯಂತ್ರವನ್ನು ಪೆನ್‌ಡ್ರೈವ್‌ನಲ್ಲಿ ಎಲ್ಲ ಕಂಪ್ಯೂಟರಿಗೂ ನಕಲು ಮಾಡಿ, ಎಲ್ಲವನ್ನೂ ಬ್ರಿಡ್ಜ್‌ಗೆ ಹಾಕಿದೆ. ಮೂವತ್ತಕ್ಕೂ ಒಂದೇ ಮ್ಯಾಕ್ ವಿಳಾಸ, ಅಂದರೆ ನೆಟ್‌ವರ್ಕ್ ಕಾರ್ಡಿನ ಗುರುತಿನ ಸಂಖ್ಯೆ. ಪಿಂಗ್‌ಗೆ ಎರಡು ಉತ್ತರ ಬರುವುದು, ಮೂರು ಕಾಣೆಯಾಗುವುದು. ಕೇಬಲ್ ಬದಲಿಸಿದೆ, ಸ್ವಿಚ್ಚನ್ನು ಬೈದೆ. ಸಂಜೆ ಸ್ಕ್ಯಾನ್ ಮಾಡಿದಾಗ 08:00:27ರಿಂದ ಶುರುವಾಗುವ ಒಂದೇ ಮ್ಯಾಕ್ ಸಾಲುಸಾಲಾಗಿ ಕಂಡಿತು. ತಯಾರಕರ ಜಾಗದಲ್ಲಿ ವರ್ಚುಯಲ್‌ಬಾಕ್ಸ್ ಹೆಸರಿಲ್ಲ. ಯಾವುದೋ ಕಾಲದ 'ಕ್ಯಾಡ್ಮಸ್ ಕಂಪ್ಯೂಟರ್ ಸಿಸ್ಟಮ್ಸ್' ಎಂದಿತ್ತು.

"ಕ್ಯಾಡ್ಮಸ್ ಯಾರು ಸರ್?" ಎಂದಳು ಹಿಂದೆ ನಿಂತಿದ್ದ ಹುಡುಗಿ. ಬಸ್ಸಿಗೆ ಹೊತ್ತಾಗಿತ್ತು, ಇಬ್ಬರೂ ಹೋಗಲಿಲ್ಲ.